ಹೊಂಗೆ ಮರದ ಕೆಳಗಿನ ಕೊಲೆ

ಕೊಲೆಯ ಕತೆ ಕೇಳಬೇಕಾದರೆ ನೆರಳು ಬೇಕು, ಪಕ್ಕದಲ್ಲಿ ಒಂದು ಚೊಂಬು ನೀರು ಬೇಕು, ಹೊಲದಲ್ಲಿ ಕೆಲಸ ಇರಬಾರದು. ಈ ಮೂರೂ ಕೂಡಿ ಬರುವುದು ನಮ್ಮ ರಾಯದುರ್ಗದ ಸೀಮೆಯಲ್ಲಿ ಬೇಸಿಗೆಯಲ್ಲಿ ಮಾತ್ರ. ಅನಂತಪುರದಲ್ಲಿ ಇಂಗ್ಲಿಷ್ ಎಂ.ಎ. ಓದುವ ನನ್ನ ಮಗಳು ಹೋದ ಬೇಸಿಗೆ ರಜೆಗೆ ಬಂದಾಗ ಅಗಾಥಾ ಕ್ರಿಸ್ಟಿ ಎಂಬ ಲೇಖಕಿಯ ಒಂದು ಕಾದಂಬರಿಯನ್ನು ದಿನಕ್ಕೆ ಎರಡು ಅಧ್ಯಾಯದಂತೆ ನನಗೆ ಹೇಳಿದಳು. ಕನ್ನಡ ಸಿಗದ ಕಡೆ ತೆಲುಗು, ತೆಲುಗು ಸಿಗದ ಕಡೆ ಕೈಸನ್ನೆ. 'ದಿ ಮರ್ಡರ್ ಅಟ್ ದಿ ವಿಕರೇಜ್' ಅಂತ ಅದರ ಹೆಸರು, 1930ರಲ್ಲಿ ಬಂದದ್ದು.

ಕತೆ ನಡೆಯುವುದು ಇಂಗ್ಲೆಂಡಿನ ಒಂದು ಪುಟ್ಟ ಹಳ್ಳಿಯಲ್ಲಿ. ಸೇಂಟ್ ಮೇರಿ ಮೀಡ್ ಎಂದು ಆಕೆಯೇ ಕಟ್ಟಿದ ಹಳ್ಳಿ, ನಕ್ಷೆಯಲ್ಲಿ ಹುಡುಕಿದರೆ ಸಿಗದು. ಊರಿಗೊಬ್ಬ ಪಾದ್ರಿ. ಯಾರಿಗೂ ಬೇಡವಾದ ಒಬ್ಬ ಕರ್ನಲ್ ಆ ಪಾದ್ರಿಯ ಓದುವ ಕೋಣೆಯಲ್ಲಿ ಗುಂಡೇಟಿಗೆ ಸತ್ತು ಬಿದ್ದಿರುತ್ತಾನೆ. ಮೇಜಿನ ಮೇಲಿನ ಗಡಿಯಾರ ನಿಂತಿರುತ್ತದೆ. ಆದರೆ ಪಾದ್ರಿ ಆ ಗಡಿಯಾರವನ್ನು ಯಾವಾಗಲೂ ಕಾಲು ಗಂಟೆ ಮುಂದಿಟ್ಟಿರುತ್ತಾನೆ ಅನ್ನುವುದು ಮನೆಯವರಿಗೆ ಗೊತ್ತು, ಹೊರಗಿನ ಪೋಲೀಸರಿಗೆ ಗೊತ್ತಿಲ್ಲ. ಕೊನೆಗೆ ಪತ್ತೆ ಹಚ್ಚುವವಳು ಪಕ್ಕದ ಮನೆಯ ಮದುವೆಯಾಗದ ಮುದುಕಿ, ಮಿಸ್ ಮಾರ್ಪಲ್. ಹೂವಿನ ಮಡಿಯಲ್ಲಿ ಕಳೆ ಕೀಳುತ್ತಾ, ಹಕ್ಕಿ ನೋಡುವ ನೆಪದಲ್ಲಿ ದುರ್ಬೀನು ಹಿಡಿದು, ಯಾರ ಮನೆಗೆ ಯಾರು ಎಷ್ಟು ಹೊತ್ತಿಗೆ ಹೋದರು ಎಂದು ನೋಡುತ್ತಾ ಇರುತ್ತಾಳೆ. ದೊಡ್ಡ ವಿದ್ಯೆ ಏನಿಲ್ಲ. ಏನೇ ನಡೆದರೂ ಆಕೆಗೆ ಊರಿನ ಒಬ್ಬರು ನೆನಪಾಗುತ್ತಾರೆ. ಹಿಂದೊಮ್ಮೆ ಅವರು ಮಾಡಿದ ಸಣ್ಣ ಕಿತಾಪತಿಗೂ ಈ ಕೊಲೆಗೂ ಒಂದು ನಂಟು ಕಾಣುತ್ತದೆ.

"ಇವಳು ನಮ್ಮ ದೊಡ್ಡವ್ವ ಕಣಮ್ಮ" ಅಂದೆ.

"ಯಾವ ದೊಡ್ಡವ್ವ?" ಅಂದಳು ಮಗಳು.

ಅವಳು ಹುಟ್ಟಿದ್ದು 2003ರಲ್ಲಿ. ನಾನು ಹೇಳಹೊರಟದ್ದು ಅದರ ಹಿಂದಿನ ವರ್ಷದ ಮಾತು. ಊರಲ್ಲಿ ಎಲ್ಲರಿಗೂ ಗೊತ್ತಿದ್ದ ಕತೆ ನನ್ನ ಮನೆಯಲ್ಲಿ ಮಾತ್ರ ಯಾರೂ ಎತ್ತುತ್ತಿರಲಿಲ್ಲ, ಯಾಕೆ ಅನ್ನುವುದು ಮುಂದೆ ತಿಳಿಯುತ್ತದೆ.

ಅದಕ್ಕೆ ಮೊದಲು ಪತ್ತೇದಾರಿ ಪುಸ್ತಕದ ಬಗ್ಗೆ ಒಂದು ಮಾತು. ನನ್ನ ಓದು ಎಸ್ಸೆಸ್ಸೆಲ್ಸಿಗೆ ನಿಂತರೂ ಈ ಪುಸ್ತಕಗಳು ನಿಲ್ಲಲಿಲ್ಲ. ರಾಯದುರ್ಗದ ಬಸ್ ನಿಲ್ದಾಣದ ಹತ್ತಿರ ಒಂದು ಬಾಡಿಗೆ ಪುಸ್ತಕದ ಅಂಗಡಿ ಇತ್ತು, ದಿನಕ್ಕೆ ನಾಲ್ಕಾಣೆ. ತೆಲುಗಿನಲ್ಲಿ ಕೊಮ್ಮೂರಿ ಸಾಂಬಶಿವರಾವು ಅವರ ಡಿಟೆಕ್ಟಿವ್ ಯುಗಂಧರ್, ಅವನ ಜೊತೆಗಾರ ರಾಜು. ಮಧುಬಾಬು ಅವರ ಷಾಡೋ. ಬಳ್ಳಾರಿಗೆ ಶೇಂಗಾ ಹಾಕಲು ಹೋದಾಗ ಅಲ್ಲಿ ಕನ್ನಡದವು: ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ, ಮ. ರಾಮಮೂರ್ತಿಯವರ ಕಾದಂಬರಿಗಳು. ಗಡಿ ಪುಟದ ಓದುಗರಿಗೆ ರಾಮಮೂರ್ತಿಯವರ ಹೆಸರು ಬೇರೆ ಕಾರಣಕ್ಕೆ ಗೊತ್ತಿರಬೇಕು. ಇವತ್ತು ನಾವು ರಾಜ್ಯೋತ್ಸವಕ್ಕೆ ಏರಿಸುವ ಹಳದಿ ಕೆಂಪು ಬಾವುಟ ರೂಪಿಸಿದವರು ಅವರೇ. ಪತ್ತೇದಾರಿ ಬರೆದ ಕೈ ಬೇಸಾಯಕ್ಕೂ ಇಳಿದಿತ್ತು. 1967ರ ಡಿಸೆಂಬರಿನಲ್ಲಿ ತಮ್ಮ ಜಮೀನಿನಲ್ಲಿ ಬಾವಿ ತೋಡುವಾಗ ಮಣ್ಣು ಕುಸಿದು ಇಬ್ಬರು ಮಕ್ಕಳ ಜೊತೆ ತೀರಿಕೊಂಡರು. ಬಾವಿ ತೋಡಿದವರಿಗೆ ಆ ಸುದ್ದಿಯ ಭಾರ ಗೊತ್ತಾಗುತ್ತದೆ.

ಆ ಪುಸ್ತಕಗಳಲ್ಲಿ ಎಲ್ಲಾ ಇರುತ್ತಿತ್ತು, ಕಾರು, ಟೆಲಿಫೋನು, ಸಿಗರೇಟಿನ ತುಂಡು. ಎತ್ತು ಮಾತ್ರ ಇರುತ್ತಿರಲಿಲ್ಲ. ಪಟ್ಟಣದಲ್ಲಿ ಸತ್ತವನು ಯಾರು ಅಂತ ಮೊದಲು ಹುಡುಕಬೇಕು. ಹಳ್ಳಿಯಲ್ಲಿ ಹಾಗಲ್ಲ, ಸತ್ತದ್ದು ಗೊತ್ತಾಗುವ ಮೊದಲೇ ಕೊಂದವನು ಯಾರೆಂದು ತೀರ್ಮಾನವಾಗಿರುತ್ತದೆ. ಕ್ರಿಸ್ಟಿಯ ಇನ್ನೊಬ್ಬ ಪತ್ತೇದಾರ ಪೊಯಿರೋ ಒಂದು ಪುಸ್ತಕದಲ್ಲಿ ಕೆಲಸ ಬಿಟ್ಟು ಹಳ್ಳಿಗೆ ಬಂದು ಕುಂಬಳದ ಜಾತಿಯ ಕಾಯಿ ಬೆಳೆಯುತ್ತಾನಂತೆ. ಸಿಟ್ಟು ಬಂದು ಒಂದು ಕಾಯನ್ನು ಗೋಡೆಯಾಚೆ ಎಸೆಯುತ್ತಾನಂತೆ. ಅಲ್ಲೇ ಗೊತ್ತಾಯಿತು ಅವನು ಬೇಸಾಯದವನಲ್ಲ ಅಂತ. ಬೆಳೆದ ಕಾಯಿ ಯಾರಾದರೂ ಎಸೆಯುತ್ತಾರೆಯೇ!

ಈಗ ನಮ್ಮ ಕೇಸಿಗೆ ಬರುತ್ತೇನೆ.

2002 ಬರದ ವರ್ಷ. ದೇಶಕ್ಕೆಲ್ಲಾ ಮುಂಗಾರು ಕೈಕೊಟ್ಟಿತ್ತು, ನಮ್ಮ ಕಡೆ ಹೇಳುವುದೇ ಬೇಡ. ಆಷಾಢದಲ್ಲಿ ಬಿತ್ತಿದ ಜೋಳ ಮೊಣಕಾಲು ಎತ್ತರಕ್ಕೆ ಬಂದು ಸುರುಳಿ ಸುತ್ತಿಕೊಂಡಿತು. ತೆನೆಯ ಆಸೆ ಬಿಟ್ಟು ಕೊಯ್ದು ಒಣಗಿಸಿ, ಬಂದ ನಾಲ್ಕು ಸೂಡು ಸೊಪ್ಪೆ ಒಟ್ಟಿದೆ. ಸೆಪ್ಟೆಂಬರ್ ಕೊನೆಗೆ ಎರಡು ಹದ ಮಳೆ ಬಿತ್ತು. ಜೋಳ ಹೋದ ಹೊಲದ ಪಕ್ಕದ ತುಂಡಿಗೆ ಹುರುಳಿ ಬಿತ್ತೋಣ ಅಂತ ಕುಂಟೆ ಹೊಡೆಯುತ್ತಿದ್ದೆ. ಎತ್ತು ಎರಡು, ರಾಮ ಮತ್ತು ಲಕ್ಷ್ಮಣ. ಹೆಂಡತಿ ಬಸುರಿ. ಮನೆಯಲ್ಲಿ ಮಾರುವುದಕ್ಕೆ ಏನಾದರೂ ಉಳಿದಿದ್ದರೆ ಆ ಎತ್ತುಗಳು ಮಾತ್ರ.

ನಮ್ಮ ಹೊಲಕ್ಕೆ ಮೂಡಲಲ್ಲಿ ಮಾಮನ ಹೊಲ. ರಕ್ತ ಸಂಬಂಧವಲ್ಲ, ಊರ ವಾವೆಯಲ್ಲಿ ಮಾಮ. ಅವರ ಮನೆಮಾತು ತೆಲುಗು, ನಮ್ಮದು ಕನ್ನಡ. ನಾನು ಕನ್ನಡದಲ್ಲಿ ಕೇಳಿದರೆ ಅವನು ತೆಲುಗಿನಲ್ಲಿ ಹೇಳುತ್ತಿದ್ದ. ಇಬ್ಬರಿಗೂ ಅದು ಎರಡು ಭಾಷೆ ಅಂತ ಯಾವತ್ತೂ ಅನ್ನಿಸಿರಲಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಹೋಗಿ, ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಬಂದವು. ಗೆರೆ ಎಳೆದವರು ಎಳೆದರು, ನಮ್ಮ ಎರಡು ಹೊಲದ ನಡುವಿನ ಬದು ಇದ್ದ ಹಾಗೇ ಇತ್ತು. ಆ ಬದುವಿನ ಮೇಲೆ ಒಂದು ಹೊಂಗೆ ಮರ, ತೆಲುಗಿನಲ್ಲಿ ಕಾನುಗ. ನೆರಳು ಇಬ್ಬರದೂ. ಕೊಂಬೆ ಯಾರದು ಅನ್ನುವುದಕ್ಕೆ ಮಾತ್ರ ಎರಡು ವರ್ಷದಿಂದ ಮಾತು ನಡೆದಿತ್ತು. ಆ ಶ್ರಾವಣದಲ್ಲಿ ನನ್ನ ಎತ್ತುಗಳು ಹಗ್ಗ ಬಿಚ್ಚಿಕೊಂಡು ಹೋಗಿ ಅವನ ಬಾವಿ ನೀರಿನ ಶೇಂಗಾ ಎರಡು ಸಾಲು ಮೇಯ್ದಿದ್ದವು. ಅವನು ಬದುವಿನ ಮೇಲೆ ನಿಂತು, "ಇಂಕೊಕತೂರಿ ವಸ್ತೇ ಊರಕುಂಡನು" ಅಂದಿದ್ದ. ಇನ್ನೊಂದು ಸಲ ಬಂದರೆ ಸುಮ್ಮನಿರೋದಿಲ್ಲ ಅಂತ. ಅದನ್ನು ಮೂವರು ಕೇಳಿಸಿಕೊಂಡಿದ್ದರು.

ಅಕ್ಟೋಬರ್ ಮೊದಲ ವಾರ. ಬೆಳಿಗ್ಗೆಯಿಂದ ಕುಂಟೆ ಹೊಡೆದು, ಹೊತ್ತು ನೆತ್ತಿಗೆ ಬಂದಾಗ ಎತ್ತು ಬಿಚ್ಚಿ, ನೀರು ಕುಡಿಸಿ, ಹೊಂಗೆ ಮರಕ್ಕೆ ಕಟ್ಟಿ ಮನೆಗೆ ಉಣ್ಣಲು ಹೋದೆ. ಉಂಡು ತಿರುಗಿ ಬರುವ ಹೊತ್ತಿಗೆ ಹೆಚ್ಚೆಂದರೆ ಒಂದು ತಾಸು. ದೂರದಿಂದಲೇ ಮರದ ಕೆಳಗೆ ಎತ್ತು ನಿಂತಿರುವುದು ಕಾಣಲಿಲ್ಲ.

ರಾಮ ನನ್ನ ಹೊಲದ ಅಂಚಿನಲ್ಲಿ ಕಾಲು ಚಾಚಿ ಬಿದ್ದಿತ್ತು. ಬಾಯಲ್ಲಿ ನೊರೆ, ಹೊಟ್ಟೆ ಉಬ್ಬಿತ್ತು, ಉಸಿರಿಲ್ಲ. ಲಕ್ಷ್ಮಣ ಬದು ದಾಟಿ ಮಾಮನ ಹೊಲದಲ್ಲಿ ಬಿದ್ದು ಉಸಿರು ಎಳೆಯುತ್ತಿತ್ತು. ಅದರ ಹಗ್ಗ ಹರಿದಿರಲಿಲ್ಲ, ಕುಡುಗೋಲಿನಿಂದ ಕತ್ತರಿಸಿದ ಹಾಗೆ ನೇರ ಕಡಿತವಾಗಿತ್ತು. ಬದುವಿನ ಮೇಲೆ ಔಷಧಿ ಡಬ್ಬಿ ಉರುಳಿ ಬಿದ್ದಿತ್ತು. ಮಾಮ ಬೆಳಿಗ್ಗೆಯಿಂದ ಶೇಂಗಾಕ್ಕೆ ಔಷಧಿ ಹೊಡೆಯುತ್ತಿದ್ದದ್ದು ನಾನೇ ನೋಡಿದ್ದೆ. ಮಾಮ ಅಲ್ಲೇ ಇದ್ದ, ಲಕ್ಷ್ಮಣನ ತಲೆಯ ಹತ್ತಿರ ಕೂತಿದ್ದ. ಕೈ ಒದ್ದೆ, ಸೊಂಟದಲ್ಲಿ ಕುಡುಗೋಲು.

ಒಬ್ಬ ಓದುಗ ಇನ್ನೇನು ಕೇಳುತ್ತಾನೆ ಹೇಳಿ. ವೈರ ಇತ್ತು, ಬೆದರಿಕೆ ಇತ್ತು, ವಿಷ ಇತ್ತು, ಆಯುಧ ಇತ್ತು, ಮನುಷ್ಯ ಸ್ಥಳದಲ್ಲೇ ಇದ್ದ. ಯುಗಂಧರನಿಗೂ ಇಷ್ಟು ಸುಲಭದ ಕೇಸು ಸಿಕ್ಕಿರಲಿಕ್ಕಿಲ್ಲ.

"ಹಗ್ಗ ಕಡಿದವರು ಯಾರು?" ಅಂತ ಕೂಗಿದೆ.

"ತಾಡು ಕೋಸಿಂದಿ ನೇನೇ" ಅಂದ ಮಾಮ. ಹಗ್ಗ ಕಡಿದದ್ದು ನಾನೇ. ಮುಂದೆ ಇನ್ನೇನೋ ಹೇಳಲು ಬಾಯಿ ತೆರೆದ. ನಾನು ಬಿಡಲಿಲ್ಲ. ಬೈಗುಳದಲ್ಲಿ ನನಗೆ ಕನ್ನಡವೂ ಸಾಲದೆ ಹೋಯಿತು, ಕವಿ ಅನ್ನಿಸಿಕೊಂಡವನ ಬಾಯಿಂದ ಬರಬಾರದ್ದೆಲ್ಲ ಬಂತು. ಅವನ ಹೆಂಡತಿಯ ಎದುರು, ಬೆಳೆದ ಮಗನ ಎದುರು. ಊರು ಬಂದು ಸೇರಿತು.

ಎಲ್ಲರೂ ಎಂಡ್ರಿನ್ ಅಂದರು. ಎಂಡ್ರಿನ್ ಅನ್ನುವ ಔಷಧಿ ನಮ್ಮ ದೇಶದಲ್ಲಿ 1990ರಲ್ಲೇ ನಿಷೇಧವಾಯಿತು. ಹೆಸರು ಮಾತ್ರ ನಮ್ಮ ಕಡೆ ಹೋಗಲಿಲ್ಲ. ಯಾವ ಕಂಪೆನಿಯ ಯಾವ ಡಬ್ಬಿಯೇ ಆಗಲಿ, ಕುಡಿದು ಸತ್ತರೆ ಎಂಡ್ರಿನ್. ಒಬ್ಬ ಹಿರಿಯ ಇನ್ನೊಂದು ದಾರಿ ತೋರಿಸಿದ: "ಮೈಮೇಲೆ ಸೂಜಿ ಗಾಯ ಐತಾ ನೋಡ್ರಪ್ಪಾ." ಗುಲಗಂಜಿ ಅರೆದು, ಆ ಹಿಟ್ಟಿನಿಂದ ಸೂಜಿ ಮಾಡಿ ಒಣಗಿಸಿ ದನಕ್ಕೆ ಚುಚ್ಚುವ ಹಳೆಯ ಪದ್ಧತಿ ಒಂದಿತ್ತು. ಮೋದಿಯವರ ವೈದ್ಯಕೀಯ ನ್ಯಾಯಶಾಸ್ತ್ರದ ಪುಸ್ತಕದಲ್ಲಿಯೂ ಅದರ ವಿವರ ಇದೆ. ಬ್ರಿಟಿಷರ ಕಾಲದಲ್ಲಿ ದನ ಸತ್ತರೆ ಸಾಕು, ತೊಗಲಿನ ಆಸೆಗೆ ಕೊಂದರು ಅಂತ ಚರ್ಮದ ಕೆಲಸದವರನ್ನು ಹಿಡಿಯುತ್ತಿದ್ದರು. ಹಿರಿಯ ಆ ಮಾತು ಆಡಿದಾಗ ನಾಲ್ಕು ಕಣ್ಣು ಊರ ಕೊನೆಯ ಕೇರಿಯ ಕಡೆ ಹೊರಳಿದವು. ಸತ್ತ ದನ ಸಾಗಿಸಲು ಹೇಳಿಕಳಿಸಿದ್ದಕ್ಕೆ ಬಂದಿದ್ದ ಆ ಕೇರಿಯ ಮನುಷ್ಯ ಒಂದು ಹೆಜ್ಜೆ ಹಿಂದೆ ಸರಿದು ನಿಂತ. ಆ ಹೆಜ್ಜೆ ನಾನು ನೋಡಿದೆ. ಆ ಹೊತ್ತು ಅದರ ಅರ್ಥ ಮಾಡಿಕೊಳ್ಳುವ ತಾಳ್ಮೆ ನನಗಿರಲಿಲ್ಲ.

ಒಬ್ಬ ಹುಡುಗನನ್ನು ಸೈಕಲ್ ಮೇಲೆ ದನದ ಡಾಕ್ಟರನ್ನು ಕರೆತರಲು ಕಳಿಸಿದರು. ನಾನು ಕಟ್ಟೆಯ ಮೇಲೆ ಕೂತು ಕಂಪ್ಲೇಂಟು ಬರೆಯತೊಡಗಿದೆ. ಊರಿನ ಅರ್ಜಿಗಳೆಲ್ಲ ನಾನೇ ಬರೆಯುವುದು, ಜಗಳ ಕನ್ನಡದಲ್ಲಾದರೂ ಅರ್ಜಿ ತೆಲುಗಿನಲ್ಲೇ ಹೋಗಬೇಕು. 'ನನ್ನ ಎರಡು ಎತ್ತುಗಳನ್ನು ವಿಷವಿಟ್ಟು ಕೊಂದಿರುತ್ತಾರೆ' ಎಂದು ಶುರು ಮಾಡಿದೆ. ಲಕ್ಷ್ಮಣ ಇನ್ನೂ ಉಸಿರಾಡುತ್ತಿತ್ತು. ಆದರೂ ಎರಡು ಅಂತಲೇ ಬರೆದೆ. ಆಗಿನ ಭಾರತೀಯ ದಂಡ ಸಂಹಿತೆಯ 429ನೇ ಕಲಮು: ಎತ್ತನ್ನು ವಿಷವಿಟ್ಟು ಕೊಂದರೆ ಐದು ವರ್ಷದವರೆಗೆ ಜೈಲು. ಕಲಮಿನ ನಂಬರೂ ಹಾಕಿದೆ. 'ತಾಡು ಕೋಸಿಂದಿ ನೇನೇ' ಅನ್ನುವ ಅವನ ಮಾತನ್ನು ತಪ್ಪೊಪ್ಪಿಗೆ ಅಂತ ಅಕ್ಷರ ಬಿಡದೆ ಇಳಿಸಿದೆ.

ಆಗ ಬಂದವಳು ದೊಡ್ಡವ್ವ. ನನ್ನ ಅಪ್ಪನ ಅಣ್ಣನ ಹೆಂಡತಿ, ಎಪ್ಪತ್ತು ದಾಟಿದವಳು. ಅಕ್ಷರ ಬರದು. ಕಣ್ಣು ಮಂಜು. ಆದರೆ ಯಾವ ಮನೆಯ ಹಸು ಎಷ್ಟನೇ ಸೂಲಿನಲ್ಲಿದೆ, ಯಾರ ಸೊಸೆ ಯಾವ ದಿನ ತವರಿಗೆ ಹೋದಳು ಅನ್ನುವುದು ಅವಳ ಬಾಯಲ್ಲಿ. ಅವಳು ಯಾರನ್ನೂ ಕೇಳದೆ ನೇರ ಹೊಲಕ್ಕೆ ಹೋಗಿ ರಾಮನ ಮುಂದೆ ಕುಕ್ಕರಗಾಲಲ್ಲಿ ಕೂತು, ಅದರ ತುಟಿ ಎತ್ತಿ ನೋಡಿದಳು. ಒಸಡು ಕುಂಕುಮ ಹಚ್ಚಿದಂತೆ ಕೆಂಪಗಿತ್ತು. ದವಡೆಯ ಸಂದಿಗೆ ಬೆರಳು ತೂರಿಸಿ ಒಂದು ಹಸಿರು ಎಳೆ ಎಳೆದು ತೆಗೆದು ಕಣ್ಣಿನ ಹತ್ತಿರ ಹಿಡಿದಳು.

"ಇದು ಶೇಂಗಾ ಎಲೆ ಅಲ್ಲಪ್ಪಾ" ಅಂದಳು.

ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ, ಬೇರೆಯವರಿಗೆ ಕೇಳದ ಹಾಗೆ: "ಹಗ್ಗ ಎಷ್ಟು ಮಾರು ಬಿಟ್ಟಿದ್ಯೋ?"

ಇಲ್ಲಿ ನಾನು ಒಂದು ಮಾತು ಒಪ್ಪಿಕೊಳ್ಳಬೇಕು. ಎತ್ತನ್ನು ಹೊಂಗೆ ಮರಕ್ಕೆ ಕಟ್ಟಿ ಉಣ್ಣಲು ಹೋದೆ ಎಂದು ಮೇಲೆ ಬರೆದಿದ್ದೇನೆ. ಅದು ಸುಳ್ಳಲ್ಲ, ಪೂರ್ತಿಯೂ ಅಲ್ಲ. ಕೊಯ್ದ ಜೋಳದ ಬುಡ ಎರಡು ಮಳೆಗೆ ಚಿಗುರಿ, ಗೇಣುದ್ದ ಕೂಳೆ ಬಂದಿತ್ತು. ತೆಲುಗಿನವರು ಪಿಲಕ ಅನ್ನುತ್ತಾರೆ. ಬರದಲ್ಲಿ ಬೆಂದ ಕಣ್ಣಿಗೆ ಆ ಕಪ್ಪು ಹಸಿರು ಎಷ್ಟು ಚಂದ ಕಂಡಿತೆಂದರೆ, ಆ ದಿನ ಬೆಳಿಗ್ಗೆ ಅದರ ಮೇಲೇ ಎಂಟು ಸಾಲಿನ ಒಂದು ಪದ್ಯ ಕಟ್ಟಿದ್ದೆ. ತಿಂಗಳುಗಟ್ಟಲೆ ಒಣ ಸೊಪ್ಪೆ ಅಗಿದ ಎತ್ತು ನಾಲ್ಕು ಬಾಯಿ ಹಸಿರು ತಿನ್ನಲಿ ಅಂತ ಹಗ್ಗವನ್ನು ಒಂದೂವರೆ ಮಾರು ಉದ್ದ ಬಿಟ್ಟು ಹೋಗಿದ್ದೆ. ಇದನ್ನು ಕೇಳಿದಾಗ ಮಗಳು ಜೋರಾಗಿ ನಕ್ಕಳು. ಕತೆ ಹೇಳುವವನೇ ಹೀಗೆ ಒಂದು ಮಾತು ನುಂಗಿ ಹೇಳುವ ಚಾಲಾಕಿ ಇಂಗ್ಲಿಷ್ ಪುಸ್ತಕದಲ್ಲೂ ಇದೆಯಂತೆ. ಯಾವ ಪುಸ್ತಕ ಅಂತ ನಾನು ಹೇಳುವುದಿಲ್ಲ, ಓದುವವರ ಸುಖ ಕೆಡಬಾರದು.

ದೊಡ್ಡವ್ವನಿಗೆ ನಾನು ಉತ್ತರ ಕೊಡಲಿಲ್ಲ. ಅವಳಿಗೆ ಬೇಕೂ ಇರಲಿಲ್ಲ. "ನಾನು ಸಣ್ಣಾಕಿ ಇದ್ದಾಗ ನಮ್ಮಪ್ಪನ ಎತ್ತು ಹಿಂಗೇ ಹೋತು. ಬರ ಬಂದು ಮಳೆ ಆದ ಮೇಲೆ ಕೂಳೆ ತಿಂದಿತ್ತು. ಆಗ ನಮ್ಮಪ್ಪ ಮಾಟ ಮಾಡ್ಯಾರ ಅಂತ ದಾಯಾದಿ ಮನೆ ಮುಂದೆ ಬೂದಿ ಎರಚಿ ಬಂದ" ಅಂದಳು.

ಡಾಕ್ಟರು ಸುಮಾರು ನಾಲ್ಕೂವರೆಗೆ ಮೊಪೆಡ್ ಮೇಲೆ ಬಂದರು. ಮೊದಲು ಲಕ್ಷ್ಮಣನನ್ನು ನೋಡಿದರು. "ಇಷ್ಟು ಹೊತ್ತು ಬದುಕಿದೆ ಅಂದರೆ ಬದುಕುತ್ತೆ" ಅಂತ ಹೇಳಿ ಕುತ್ತಿಗೆಯ ನರಕ್ಕೆ ಒಂದು ಮದ್ದು ಏರಿಸಿದರು. ಸೋಡಿಯಂ ಥಯೋಸಲ್ಫೇಟ್, ಫೋಟೋ ಸ್ಟುಡಿಯೋದವರು ಹೈಪೋ ಅಂತ ಬಳಸುತ್ತಿದ್ದದ್ದು ಇದೇ. ಇದರ ಜೊತೆ ಸೋಡಿಯಂ ನೈಟ್ರೈಟ್ ಸಹ ಕೊಡುವುದುಂಟು. ಯಾವುದು ಎಷ್ಟು ಅನ್ನುವುದು ಡಾಕ್ಟರ ಕೆಲಸ, ನಾವು ಕೈ ಹಾಕುವಂಥದ್ದಲ್ಲ. ಆಮೇಲೆ ರಾಮನ ಹೊಟ್ಟೆ ತೆರೆಸಿದರು. ತೆರೆದದ್ದು ಆ ಹಿಂದೆ ಸರಿದು ನಿಂತಿದ್ದ ಮನುಷ್ಯ. ಕತ್ತಿ ಆಡಿಸಿದವನೇ, "ಸತ್ತ ದನದ ರಕ್ತ ಇಷ್ಟು ಕೆಂಪಗೆ ಇರಲ್ಲ ಸ್ವಾಮೀ. ಔಷಧಿ ವಾಸನೇನೂ ಇಲ್ಲ" ಅಂದ. ಡಾಕ್ಟರು ತಲೆಯಾಡಿಸಿದರು. ಹೊಟ್ಟೆಯ ತುಂಬ ಅರೆಬರೆ ಅಗಿದ ಎಳೆ ಜೋಳದ ಎಲೆ.

"ಸಯನೈಡು" ಅಂದರು ಡಾಕ್ಟರು.

ಆ ಮಾತು ಕೇಳಿ ಕೂಡಿದ್ದವರೆಲ್ಲ ಗಾಬರಿಯಾದರು. ಸಯನೈಡು ಅಂದರೆ ನಾವು ಸಿನಿಮಾದಲ್ಲಿ ನೋಡಿದ್ದು. ಕ್ರಿಸ್ಟಿ ತನ್ನ 1945ರ ಒಂದು ಕಾದಂಬರಿಗೆ ಹೆಸರೇ 'ಸ್ಪಾರ್ಕ್ಲಿಂಗ್ ಸಯನೈಡ್' ಅಂತ ಇಟ್ಟಿದ್ದಾಳೆ, ಅಲ್ಲಿ ಅದನ್ನು ಷಾಂಪೇನಿನಲ್ಲಿ ಬೆರೆಸುತ್ತಾರೆ. ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಿ ಕೊಡುವ ವಿಭಾಗದಲ್ಲಿ ಕೆಲಸ ಮಾಡಿದವಳು ಆಕೆ, ವಿಷಗಳ ಗುಣ ಅಲ್ಲೇ ಕಲಿತಳು. ಅದೇ ವಿಷ ನನ್ನ ಹೊಲದಲ್ಲಿ ನನ್ನ ಕೈಯಾರೆ ಬಿತ್ತಿದ ಜೋಳದಲ್ಲಿತ್ತು.

ಡಾಕ್ಟರು ಹೇಳಿದ್ದನ್ನು, ಆಮೇಲೆ ನಾನು ಓದಿ ತಿಳಿದದ್ದನ್ನು ಕೂಡಿಸಿ ಹೇಳುತ್ತೇನೆ, ಜೋಳ ಬೆಳೆಯುವವರು ಗಮನವಿಟ್ಟು ಓದಬೇಕು. ಎಳೆ ಜೋಳದ ಎಲೆಯಲ್ಲಿ ಧುರ್ರಿನ್ ಎಂಬ ಪದಾರ್ಥ ಇರುತ್ತದೆ. 1902ರಲ್ಲಿ ಡನ್‌ಸ್ಟನ್ ಮತ್ತು ಹೆನ್ರಿ ಎಂಬ ಇಬ್ಬರು ವಿಜ್ಞಾನಿಗಳು ಈಜಿಪ್ಟಿನ ಎಳೆ ಜೋಳದಿಂದ ಇದನ್ನು ಬೇರ್ಪಡಿಸಿದರು. ಅರಬ್ಬಿಯಲ್ಲಿ ಜೋಳಕ್ಕೆ ಧುರ್ರಾ ಅನ್ನುವುದರಿಂದ ಆ ಹೆಸರು. ಎಲೆ ಸುಮ್ಮನೆ ನಿಂತಿರುವಾಗ ಅದು ವಿಷವಲ್ಲ. ದನ ಅಗಿದಾಗ ಎಲೆಯಲ್ಲೇ ಬೇರೆಯಾಗಿದ್ದ ಇನ್ನೊಂದು ವಸ್ತು ಬಂದು ಸೇರಿ ಹೈಡ್ರೋಸಯನಿಕ್ ಆಮ್ಲ ಬಿಡುತ್ತದೆ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಈ ಕೆಲಸ ಇನ್ನೂ ಬೇಗ ಆಗುತ್ತದೆ. ರಕ್ತದಲ್ಲಿ ಗಾಳಿ ಇದ್ದೂ ಮೈಗೆ ಅದನ್ನು ಬಳಸಲು ಆಗದೆ ಹೋಗುತ್ತದೆ, ಆದ್ದರಿಂದಲೇ ರಕ್ತ ಅಷ್ಟು ಕೆಂಪು. ಕೆಲವು ನಿಮಿಷದಲ್ಲೇ ದನ ತೂರಾಡಿ ಬೀಳುತ್ತದೆ. ಹಸಿ ಮೇವಿನಲ್ಲಿ ಹತ್ತು ಲಕ್ಷ ಭಾಗಕ್ಕೆ 200ಕ್ಕಿಂತ ಹೆಚ್ಚಿದ್ದರೆ ಅಪಾಯ ಎನ್ನುತ್ತಾರೆ. ಮೊಣಕಾಲು ಮುಟ್ಟದ ಎಳೆ ಪೈರಿನಲ್ಲಿ ಜಾಸ್ತಿ, ಬಿಸಿಲಿಗೆ ಬಾಡಿದ್ದರಲ್ಲಿ ಜಾಸ್ತಿ, ಕೊಯ್ದ ಬುಡ ಚಿಗುರಿದ್ದರಲ್ಲಿ ಎಲ್ಲಕ್ಕಿಂತ ಜಾಸ್ತಿ, ಯೂರಿಯಾ ಚೆಲ್ಲಿದ್ದರೆ ಇನ್ನಷ್ಟು. ಹೂ ಬಿಟ್ಟ ಮೇಲೆ ಇಳಿಯುತ್ತಾ ಹೋಗುತ್ತದೆ. ಚೆನ್ನಾಗಿ ಒಣಗಿಸಿದ ಸೊಪ್ಪೆಗೆ ಭಯವಿಲ್ಲ. ಅರ್ಧ ಬಾಡಿದ್ದನ್ನು ಒಣಗಿತು ಅಂದುಕೊಂಡು ಹಾಕಬಾರದು.

ಮಾರನೆಯ ದಿನ ಡಾಕ್ಟರು ನನ್ನನ್ನು ಆಸ್ಪತ್ರೆಗೆ ಕರೆದು ಒಂದು ಪರೀಕ್ಷೆ ತೋರಿಸಿದರು. ಕೂಳೆ ಎಲೆಯನ್ನು ಜಜ್ಜಿ ಸೀಸೆಗೆ ಹಾಕಿ, ಎರಡು ಹನಿ ಕ್ಲೋರೋಫಾರಂ ಬಿಟ್ಟು, ಪಿಕ್ರೇಟ್ ದ್ರಾವಣದಲ್ಲಿ ಅದ್ದಿದ ಅರಿಶಿನ ಬಣ್ಣದ ಕಾಗದದ ಪಟ್ಟಿಯನ್ನು ಬಿರಡೆಗೆ ಸಿಕ್ಕಿಸಿ ಒಳಗೆ ಇಳಿಬಿಟ್ಟರು. ನಾನು ಚಹಾ ಕುಡಿದು ಬರುವಷ್ಟರಲ್ಲಿ ಅರಿಶಿನ ಹೋಗಿ ಇಟ್ಟಿಗೆ ಕೆಂಪಾಗಿತ್ತು.

ಆದರೆ ಹಿಂದಿನ ದಿನ ಸಂಜೆಯೇ ಇನ್ನೊಂದು ಪರೀಕ್ಷೆ ಮುಗಿದಿತ್ತು. ದೀಪ ಹಚ್ಚುವ ಹೊತ್ತಿಗೆ ಲಕ್ಷ್ಮಣ ಎದ್ದು ನಿಂತಿತು. ಡಾಕ್ಟರು ಮಾಮನನ್ನು ಕೇಳಿದರು, "ಇದು ಈ ಕಡೆ ಹೇಗೆ ಬಂತು?" ಆಗ ಊರಿಗೆಲ್ಲಾ ತಿಳಿಯಿತು. ಔಷಧಿ ಹೊಡೆಯುತ್ತಿದ್ದ ಮಾಮ ರಾಮ ಬಿದ್ದದ್ದು ಕಂಡು, ಕೈಲಿದ್ದ ಡಬ್ಬಿ ಬದುವಿನ ಮೇಲೇ ಎಸೆದು ಓಡಿ ಬಂದಿದ್ದಾನೆ. ಅಷ್ಟರಲ್ಲಿ ಲಕ್ಷ್ಮಣ ತೂರಾಡುತ್ತಿದೆ, ಆದರೂ ಬಾಯಿ ಕೂಳೆಯಲ್ಲೇ ಇದೆ. ಹಗ್ಗ ಮರದ ಬುಡಕ್ಕೆ ಸುತ್ತಿಕೊಂಡು ಬಿಚ್ಚಲು ಬರಲಿಲ್ಲ. ಕುಡುಗೋಲಿನಿಂದ ಕಡಿದು, ಹೊಡೆದು, ಬದು ದಾಟಿಸಿ ಜೋಳ ಇಲ್ಲದ ತನ್ನ ಹೊಲಕ್ಕೆ ತಂದಿದ್ದಾನೆ. ಅಲ್ಲಿ ಅದು ಬಿದ್ದಿದೆ. ಬಾವಿಯಿಂದ ನೀರು ತಂದು ತಲೆಗೆ ಸುರಿಯುತ್ತಾ ಕೂತಿದ್ದಾನೆ. ಅವನು ಎಳೆಯದಿದ್ದರೆ, ಇನ್ನು ನಾಲ್ಕು ಬಾಯಿ ತಿಂದಿದ್ದರೆ, ನಾನು ಅರ್ಜಿಯಲ್ಲಿ ಬರೆದ 'ಎರಡು ಎತ್ತು' ನಿಜವಾಗುತ್ತಿತ್ತು.

ನಾನು ಹಿಡಿದಿದ್ದ ಸಾಕ್ಷಿಗಳೆಲ್ಲ ನಿಜವೇ. ಹಗ್ಗ ಕಡಿದದ್ದು ನಿಜ, ಡಬ್ಬಿ ನಿಜ, ಒದ್ದೆ ಕೈ ನಿಜ. ತೆಲುಗಿನಲ್ಲಿ ಒಂದು ಗಾದೆ ಇದೆ, 'ಗುರಿವಿಂದ ಗಿಂಜ ತನ ನಲುಪು ಎರಗದಂಟ'. ಮೈಯೆಲ್ಲ ಕೆಂಪಗಿರುವ ಗುಲಗಂಜಿಗೆ ತನ್ನ ಬುಡದ ಕಪ್ಪು ಗೊತ್ತಿಲ್ಲವಂತೆ. ಆ ದಿನ ಊರವರು ಎತ್ತಿನ ಮೈಮೇಲೆ ಹುಡುಕಿದ ಗುಲಗಂಜಿ ಸಿಗಲಿಲ್ಲ, ಕಟ್ಟೆಯ ಮೇಲೆ ಪೆನ್ನು ಹಿಡಿದು ಕೂತಿತ್ತು.

ಅರ್ಜಿ ಠಾಣೆಗೆ ಹೋಗಲಿಲ್ಲ. ಆ ರಾತ್ರಿ ಮಾಮನ ಮನೆಗೆ ಹೋಗಿ ಕಾಲು ಹಿಡಿಯಲು ಬಗ್ಗಿದೆ. "ಪೋನೀಲೇರಾ" ಅಂದ, ಹೋಗಲಿ ಬಿಡು ಅಂತ. ಅತ್ತೆ ಒಳಗಿನಿಂದ ಹೊರಗೆ ಬರಲಿಲ್ಲ. ಹುರುಳಿ ಬಿತ್ತುವ ಹದ ತಪ್ಪುತ್ತಿತ್ತು, ನನ್ನ ಬಳಿ ಉಳಿದದ್ದು ಒಂಟಿ ಎತ್ತು. ಮೂರನೇ ದಿನ ಬೆಳಿಗ್ಗೆ ಮಾಮನ ಮಗ ಅವರ ಜೋಡಿಯಲ್ಲಿ ಒಂದು ಎತ್ತನ್ನು ಹೊಡೆದುಕೊಂಡು ಬಂದು ನನ್ನ ಹೊಲದಲ್ಲಿ ಬಿಟ್ಟು, ಒಂದು ಮಾತೂ ಆಡದೆ ಹೋದ. ಅವರ ಎತ್ತು ಎತ್ತರ, ಲಕ್ಷ್ಮಣ ಇನ್ನೂ ಸುಸ್ತು. ನೊಗ ಒಂದು ಕಡೆ ವಾಲುತ್ತಿತ್ತು. ಆ ವರ್ಷ ನನ್ನ ಹುರುಳಿ ಸಾಲು ಉದ್ದಕ್ಕೂ ಸೊಟ್ಟ ಬಂದವು, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತಿದ್ದವು.

ಮದುವೆ ಮುಂಜಿಗೆ ಕರೆದರೆ ಮಾಮ ಬರುತ್ತಿದ್ದ, ಕೂತು ಉಂಡು ಹೋಗುತ್ತಿದ್ದ. ಹೊಂಗೆ ಮರದ ಕೆಳಗೆ ಮಾತ್ರ ಆಮೇಲೆ ಅವನು ಕೂತದ್ದು ನಾನು ನೋಡಲಿಲ್ಲ. ಬಿಸಿಲಲ್ಲಿ ತನ್ನ ಬಾವಿ ಕಟ್ಟೆಯ ಮೇಲೆ ಕೂತು ಉಣ್ಣುತ್ತಿದ್ದ. ಕೊಂಬೆಯ ಜಗಳವನ್ನೂ ಮತ್ತೆ ಎತ್ತಲಿಲ್ಲ. ಜಗಳವಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಅವನು ಹಾಸಿಗೆ ಹಿಡಿದದ್ದು 2014ರಲ್ಲಿ. ನೋಡಲು ಹೋದಾಗ ಮಂಚದ ಪಕ್ಕ ಕೂತು, ಹನ್ನೆರಡು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಕೇಳಿದೆ: "ಮಾಮಾ, ಅವತ್ತು ನೀನು ಎತ್ತು ಉಳಿಸೋಕೆ ಬಂದೆ ಅಂತ ಒಂದು ಮಾತು ಹೇಳಬಾರದಿತ್ತಾ?"

ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ಆಮೇಲೆ, "ಚೆಪ್ತಿನಿ ಗದರಾ" ಅಂದ.

ಹೇಳಿದ್ದೆನಲ್ಲೋ.